ವಾಡಿ ಜಂಕ್ಷನ್ನಿನ ಅಳಿಯ

ಅಳಿಯ ತೀರಿಕೊಂಡನೆಂದು ಸೇಡಂ ಕಡೆಯ ಪರಿಚಯದವರೊಬ್ಬರು ಹೇಳಿದಾಗ, ಯಾರ ಅಳಿಯ ಎಂದು ನಾನು ಕೇಳಲಿಲ್ಲ. ಹೈದರಾಬಾದ್ ಸಂಸ್ಥಾನ ಇನ್ನೂ ಹೆಸರಿಗಾದರೂ ಉಳಿದಿದ್ದ ಆ ಕೊನೆಯ ವರ್ಷಗಳಲ್ಲಿ ವಾಡಿಯಲ್ಲಿ ಇದ್ದವರಿಗೆ ಅಳಿಯ ಎಂದರೆ ಒಬ್ಬನೇ. ಹೆತ್ತವರು ಇಟ್ಟ ಹೆಸರೊಂದು ಅವನಿಗೆ ಇತ್ತು. ಅದನ್ನು ಇಲ್ಲಿ ಬರೆದರೆ ಅವನನ್ನು ಚೆನ್ನಾಗಿ ಬಲ್ಲವರೇ ಇವನಾರು ಎಂದು ಕೇಳುತ್ತಾರೆ. ಅವನ ಮಾವ ದಿನವೂ ಬಂದು, ಬಂದಾಗಲೆಲ್ಲ ‘ಅಳ್ಯಾರ, ಅಳ್ಯಾರ’ ಎಂದು ಕೂಗಿ ಕೂಗಿ ಊರಿಗೆಲ್ಲ ಅದೇ ಹೆಸರು ಅಂಟಿಸಿಬಿಟ್ಟಿದ್ದ. ಅವನಿಗಿಂತ ಎರಡು ಪಟ್ಟು ವಯಸ್ಸಾದವರಿಗೂ ಅವನು ಅಳಿಯ, ಮೊನ್ನೆ ಮೊನ್ನೆ ಮೀಸೆ ಬಂದವರಿಗೂ ಅಳಿಯ.

ನಾನಾಗ ವಾಡಿ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ. ಮದುವೆಯಾಗಿರಲಿಲ್ಲ, ಅಡಿಗೆ ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಬರುತ್ತಿತ್ತು. ಸ್ಟೇಷನ್ನಿನ ಹಿಂದೆ ಶಹಾಬಾದಿನ ಫರ್ಸಿ ಕಲ್ಲು ಹಾಸಿ, ಫರ್ಸಿಯನ್ನೇ ಹೊದಿಸಿದ ಒಂದು ಉದ್ದ ಮನೆ ಇತ್ತು. ಅದರ ತುದಿಯ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತ್ತು, ಉಳಿದದ್ದು ಅಳಿಯನದು. ಮುಂದಿನ ಪಡಸಾಲೆಯಲ್ಲಿ ಇಸ್ಪೀಟಿನ ಅಡ್ಡಾ, ಹಿಂದೆ ಅಡಿಗೆಮನೆ, ಅಡಿಗೆಮನೆಯಲ್ಲಿ ಅವನ ಹೆಂಡತಿ. ಬಾಗಿಲ ಮೇಲೆ ಹಲಗೆ ಗಿಲಗೆ ಏನೂ ಇಲ್ಲ. ಎಲ್ಲಿಗೆ ಹೊರಟಿರಿ ಎಂದು ಮನೆಯಲ್ಲಿ ಕೇಳಿದರೆ ‘ಅಳಿಯನ ಮನಿಗಿ’ ಎಂದು ಹೇಳಿ ಗಂಡಸರು ಸುಳ್ಳಿನ ಪಾಪವಿಲ್ಲದೆ ಬರಬಹುದಾಗಿತ್ತು. ಹೆಣ್ಣುಮಕ್ಕಳೇ ಇಲ್ಲದವರೂ ಹಾಗೆ ಹೇಳಿ ಸಿಕ್ಕಿಬಿದ್ದದ್ದುಂಟು.

ಅವನು ಚಿಂಚೋಳಿ ಕಡೆಯವನು. ಮಾತಿನ ನಡುವೆ ತೆಲುಗು ಇಣುಕಿ ಹೋಗುತ್ತಿತ್ತು. ಮದುವೆಗೆ ಮೊದಲು ಸಿಕಂದರಾಬಾದಿನಲ್ಲಿ ಯಾವುದೋ ಸಾಹೇಬರ ಕ್ಲಬ್ಬಿನಲ್ಲಿ ತಟ್ಟೆ ಎತ್ತುತ್ತಿದ್ದನಂತೆ. ತಟ್ಟೆ ಎತ್ತುವುದಕ್ಕಿಂತ ಹೆಚ್ಚಾಗಿ ಕಣ್ಣೆತ್ತಿ ನೋಡಿದ್ದಾನೆಂದು ಕಾಣುತ್ತದೆ. ಬಡಕಲು ಆಸಾಮಿ, ಹೆಗಲ ಮೇಲೆ ಸದಾ ಟವೆಲ್ಲು, ಕಾಲಲ್ಲಿ ಏನೂ ಇಲ್ಲ. ನಡೆದರೆ ಸಪ್ಪಳವಿಲ್ಲ. ಜಗಲಿಯ ಮೇಲೆ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಬಂದವನ ಕಿಸೆಯ ಭಾರ ಹೇಳುತ್ತಿದ್ದ. ಹಿಮ್ಮಡಿ ಸವೆದ ಚಪ್ಪಲಿಯವನು ಅವನ ಪ್ರಕಾರ ಒಳ್ಳೆಯ ಗಿರಾಕಿ, ಏಕೆಂದರೆ ಅವನಿಗೆ ಮನೆಗೆ ಹೋಗುವ ಆತುರ ಇರುವುದಿಲ್ಲ.

“ಮಂದಿ ರೊಕ್ಕಕ್ಕ ಆಡಂಗಿಲ್ರಿ ಬಾಬೂಸಾಬ್,” ಎಂದು ಒಮ್ಮೆ ನನಗೆ ಹೇಳಿದ. “ಎದ್ದು ಹೋಗ್ಲಿಕ್ಕಿ ಮನಸಾಗಂಗಿಲ್ಲ, ಅದಕ್ಕ ಆಡ್ತಾರ. ನಮ್ಮ ಕೆಲಸ ಇಷ್ಟೇ, ಅವರು ಏಳಲಾರದಂಗ ನೋಡ್ಕೊಳ್ಳೋದು.”

ಆ ಕೆಲಸವನ್ನು ಅವನು ಮಾಡುತ್ತಿದ್ದ ರೀತಿ ನೋಡಿದರೆ ಅವನನ್ನು ಯಾವುದಾದರೂ ಮಠಕ್ಕೆ ಮರಿಸ್ವಾಮಿಯಾಗಿ ಮಾಡಬೇಕಿತ್ತು ಅನಿಸುತ್ತಿತ್ತು. ಮೆತ್ತನೆಯ ಗಾದಿ, ಬೆನ್ನಿಗೆ ಲೋಡು, ಬಿಳಿಯ ಚಾದರ. ಗಡಿಯಾರ ಇಲ್ಲವೇ ಇಲ್ಲ. ಆದರೆ ಜಂಕ್ಷನ್ನಿನ ಊರಲ್ಲಿ ಗಡಿಯಾರ ತೆಗೆದರೆ ಏನು ಬಂತು? ಸಿಳ್ಳು ಕೇಳಿಯೇ ಜನ ಹೊತ್ತು ಹೇಳುತ್ತಾರೆ. ಅದಕ್ಕೂ ಅವನು ಉಪಾಯ ಹುಡುಕಿದ್ದ. ಯಾವ ಗಾಡಿ ಕೂಗಿದರೂ “ಅದು ಮಾಲ್‌ಗಾಡಿ” ಎನ್ನುತ್ತಿದ್ದ. ಮದ್ರಾಸ್ ಮೇಲ್ ಬಂದರೂ ಮಾಲ್‌ಗಾಡಿ, ಸಿಕಂದರಾಬಾದಿನ ಪ್ಯಾಸೆಂಜರ್ ಬಂದರೂ ಮಾಲ್‌ಗಾಡಿ. “ಕುಂದ್ರಿ, ಹೋಗೀರಂತ. ನಿಮ್ಮ ಗಾಡಿ ಇನ್ನ ರಾಯಚೂರು ಬಿಟ್ಟಿಲ್ಲ.” ಚಿಮ್ಮನಚೋಡದಿಂದ ಎತ್ತು ಮಾರಲು ಬಂದ ಒಬ್ಬ ರೈತ ವಾಡಿಗೆ ಮನುಷ್ಯರ ಗಾಡಿಯೇ ಬರುವುದಿಲ್ಲವೆಂದು ನಂಬಿ ನಡೆದುಕೊಂಡೇ ಊರಿಗೆ ಹೊರಟಿದ್ದ. ರೈಲ್ವೆಯ ಅನ್ನ ತಿನ್ನುವ ನನಗೆ ಇದನ್ನು ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಗೋಡೆಯ ಈಚೆಯಿಂದ “ಅದು ಮೇಲ್ ರೀ!” ಎಂದು ನಾನು ಕೂಗಿದರೆ, “ಬಾಬೂಸಾಬ್ರು ನಿದ್ದಿಗಣ್ಣಿನಾಗ ಅವ್ರ” ಎಂದು ಆಚೆಯಿಂದ ಅವನು ಸಮಾಧಾನ ಹೇಳುತ್ತಿದ್ದ.

ಸೋತ ಎಂಬ ಮಾತು ಆ ಮನೆಯಲ್ಲಿ ನಿಷಿದ್ಧ. ಯಾರಾದರೂ ಕಳೆದುಕೊಂಡರೆ ‘ಇಟ್ಟಾರ’ ಎನ್ನಬೇಕು. ಚಿತ್ತಾಪುರದ ತೊಗರಿಬೇಳೆ ವ್ಯಾಪಾರಿ ಒಬ್ಬರು ದಿನ ಬಿಟ್ಟು ದಿನ ಬರುತ್ತಿದ್ದರು, ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಅವರು ಅಂಗಿಯ ಗುಂಡಿಯೊಂದನ್ನು ಬಿಟ್ಟು ಎಲ್ಲವನ್ನೂ ಕಳೆದುಕೊಂಡ ದಿನ ಅಳಿಯ ಅವರನ್ನು ಬಾಗಿಲವರೆಗೆ ಕಳಿಸಿ, “ಸಾವ್ಕಾರ್ರು ಇವತ್ತ ಭಾಳ ಇಟ್ಟು ಹೊಂಟಾರ” ಎಂದು ನಾಲ್ಕು ಮಂದಿಗೆ ಕೇಳುವಂತೆ ಹೇಳಿದ. ಸಾವ್ಕಾರರು ಎದೆ ಉಬ್ಬಿಸಿಕೊಂಡು ಹೋದರು. ಇಟ್ಟದ್ದನ್ನು ತೆಗೆದುಕೊಳ್ಳಲು ಬರಲೇಬೇಕಲ್ಲ, ಮರುದಿನವೇ ಬಂದರು. ಅದೇ ಯಾರಾದರೂ ಗೆದ್ದರೆ ಕಂಚಿನ ತಾಟು ಬಡಿಯುತ್ತಿದ್ದ. ಸ್ಟೇಷನ್ನಿಗೂ ಕೇಳಬೇಕು. ಹೀಗಾಗಿ ಅಳಿಯನ ಮನೆಯಲ್ಲಿ ಜನ ಗೆಲ್ಲುತ್ತಲೇ ಇರುತ್ತಾರೆಂದು ಊರೆಲ್ಲ ನಂಬಿತ್ತು. ಸೋತದ್ದಕ್ಕೆ ಯಾವ ತಾಟಿನ ಸದ್ದೂ ಇಲ್ಲ.

ಆಗ ನಮ್ಮಲ್ಲಿ ಎರಡು ರೂಪಾಯಿ ನಡೆಯುತ್ತಿದ್ದವು. ನಿಜಾಮರ ಹಾಲಿ ರೂಪಾಯಿ ಒಂದು, ಹಿಂದುಸ್ತಾನದ ಕಲದಾರ ರೂಪಾಯಿ ಒಂದು. ಆರು ಕಲದಾರಕ್ಕೆ ಹೆಚ್ಚುಕಡಿಮೆ ಏಳು ಹಾಲಿ. ಅಳಿಯನ ಅಡ್ಡಾದಲ್ಲಿ ನಾಣ್ಯ ಚೆಲ್ಲುವಂತಿಲ್ಲ. ಬಾಗಿಲಲ್ಲಿ ರೊಕ್ಕ ಕೊಟ್ಟು ಫರ್ಸಿಯಲ್ಲಿ ಕೊರೆದ ದುಂಡನೆಯ ಬಿಲ್ಲೆ ತೆಗೆದುಕೊಳ್ಳಬೇಕು. ಬಿಲ್ಲೆ ಹಾಲಿ ಲೆಕ್ಕದ್ದು. ಕಲದಾರ ತಂದವನು ಆರು ಕೊಟ್ಟರೆ ಅವನ ಕೈಗೆ ಏಳು ಬಿಲ್ಲೆ. “ಕುಂದ್ರೂಕಿನ್ನ ಮೊದಲೇ ಒಂದು ಗೆದ್ರಿ ನೋಡ್ರಿ!” ಎಂದು ಅಳಿಯ ಕೈಮುಗಿಯುತ್ತಿದ್ದ. ಹೊರಡುವಾಗ ಏಳು ಬಿಲ್ಲೆಗೆ ಆರು ರೂಪಾಯಿ. ತಂದದ್ದನ್ನೆಲ್ಲ ತಿರುಗಿ ಪಡೆದವನಿಗೂ ಒಂದು ಹೋಯಿತಲ್ಲ ಎಂದು ಹೊಟ್ಟೆ ಉರಿದು, ಆ ಒಂದನ್ನು ಗೆಲ್ಲಲು ಮತ್ತೆ ಕೂರುತ್ತಿದ್ದ.

ಊರಿಗೆ ಊರೇ ಫರ್ಸಿಯದು. ಮನಸ್ಸು ಮಾಡಿದರೆ ಯಾರಾದರೂ ಜಗಲಿ ಒಡೆದು ಬಿಲ್ಲೆ ಮಾಡಿಕೊಂಡು ಬರಬಹುದು. ಅದಕ್ಕೆ ಅಳಿಯ ತನ್ನ ಬಿಲ್ಲೆಗಳನ್ನು ಅರಿಶಿಣದ ನೀರಲ್ಲಿ ಅದ್ದಿ ಒಣಗಿಸುತ್ತಿದ್ದ. ಆಡಿ ಎದ್ದವರ ಬೆರಳೆಲ್ಲ ಹಳದಿ. “ಊರಾಗ ಮದಿವಿ ಇಲ್ಲ, ಮುಂಜಿವಿ ಇಲ್ಲ, ಕೈ ಯಾಕ ಅರಿಶಿಣ ಆಗ್ಯಾವ?” ಎಂದು ಎಂಜಿನ್ ಶೆಡ್ಡಿನ ಫೈರ್‌ಮನ್ ಒಬ್ಬನನ್ನು ಅವನ ಹೆಂಡತಿ ನಡುಬೀದಿಯಲ್ಲಿ ಹಿಡಿದು ಕೇಳಿದಳು. ಕಲ್ಲಿದ್ದಲು ತುಂಬುವವನ ಕೈ ಹಳದಿಯಾಗಲು ಅವನಿಗೆ ಯಾವ ಸುಳ್ಳೂ ಹೊಳೆಯಲಿಲ್ಲ. ಆದರೆ ಅದೇ ಅರಿಶಿಣ ಒಮ್ಮೆ ಎಲ್ಲರನ್ನೂ ಕಾಪಾಡಿತು. ಜೂಜು ಹಿಡಿಯಲೆಂದು ಹೊಸದಾಗಿ ಬಂದ ಒಬ್ಬ ಜಮಾದಾರ ಒಳಗೆ ನುಗ್ಗಿ ನೋಡಿದರೆ ರೊಕ್ಕ ಕಾಣುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಅರಿಶಿಣದ ಕಲ್ಲು, ಸುತ್ತ ಮೌನವಾಗಿ ಕೂತ ಗಂಡಸರು. ಅವನು ಗಾಬರಿಯಾಗಿ ಬೂಟು ಬಿಚ್ಚಿ ಕೈಮುಗಿದ. ಪ್ರಸಾದವೆಂದು ಎರಡು ಮೆಣಸಿನಕಾಯಿ ಭಜಿ ಕೊಟ್ಟು ಕಳಿಸಿದರು.

ಆ ಭಜಿಯೂ ಒಂದು ಹೂಟ. ಹೊರಗೆ ಹೋಗುವ ಹಾದಿ ಅಡಿಗೆಮನೆಯ ಮುಂದಿನಿಂದಲೇ. ಏಳಬೇಕೆಂದು ಎದ್ದವನ ಮೂಗಿಗೆ ಬಾಣಲೆಯ ವಾಸನೆ ಬಡಿದು, ತಿಂದು ಹೋದರಾಯಿತೆಂದು ಕೂತರೆ ಚಹಾ ಬರುತ್ತದೆ. ಎಲ್ಲ ಪುಕ್ಕಟೆ. ಕಳೆದುಕೊಂಡವನಿಗೆ ಎರಡನೆಯ ತಟ್ಟೆ. ನಾನು ಇಸ್ಪೀಟಿನ ಎಲೆ ಮುಟ್ಟುತ್ತಿರಲಿಲ್ಲ, ಆದರೆ ಆ ಚಹಾಕ್ಕಾಗಿ ಸಂಜೆ ಹೋಗಿ ಗೋಡೆಗೆ ಒರಗುತ್ತಿದ್ದೆ. ವಾಡಿಯಲ್ಲಿ ಅಂಥ ಚಹಾ ಇನ್ನೊಂದಿರಲಿಲ್ಲ.

ಆ ಚಹಾ ಕುಡಿಯದವರು ಇಬ್ಬರು. ಒಬ್ಬ ಅಳಿಯ, ಅವನು ಅಡ್ಡಾದಲ್ಲಿ ಎಲೆಯನ್ನೂ ಮುಟ್ಟುತ್ತಿರಲಿಲ್ಲ, ಆ ಬಿಳಿ ಚಾದರದ ಮೇಲೆ ಕೂರುತ್ತಲೂ ಇರಲಿಲ್ಲ. ಇನ್ನೊಬ್ಬ ಅವನ ಮಾವ.

ಮಾವ ಮಳಖೇಡದ ಹತ್ತಿರ ಕಾಗಿಣಾ ದಂಡೆಯ ಹಳ್ಳಿಯ ಒಕ್ಕಲಿನ ಮನುಷ್ಯ. ವಿಭೂತಿ, ದೊಡ್ಡ ರುಮಾಲು, ಗಡುಸು ದನಿ. ಹೆಂಡತಿ ಸತ್ತಿದ್ದಳು, ಇದ್ದವಳು ಒಬ್ಬಳೇ ಮಗಳು. ಎಲೆಯ ಹುಚ್ಚಿಗೆ ಅರ್ಧ ಹೊಲ ಹೈದರಾಬಾದಿನ ಅಡ್ಡಾಗಳಲ್ಲಿ ಕರಗಿಹೋಗಿತ್ತು. ಉಳಿದದ್ದು ನದಿಗೆ ಹತ್ತಿದ ಅರ್ಧ, ಒಳ್ಳೆಯ ತೊಗರಿಯ ಹೊಲ. ಅದೂ ಹೋದರೆ ಮಗಳಿಗೆ ತವರೆಂಬುದೇ ಇಲ್ಲ.

ಆ ಮನೆತನದ ರೂಢಿಯೊಂದಿತ್ತು. ಮಗಳಿಗೆ ಮಗುವಾಗುವವರೆಗೆ ಅವಳ ಮನೆಯ ನೀರು ತವರಿನವರು ಮುಟ್ಟಬಾರದು. ಅಲ್ಲಿಂದ ಒಂದು ಹುಲ್ಲುಕಡ್ಡಿಯನ್ನೂ ಒಯ್ಯಬಾರದು, ಒಯ್ದರೆ ಪಾಪ. ಕೊಡಬಹುದು, ಎಷ್ಟು ಬೇಕಾದರೂ ಕೊಡಬಹುದು. ಮುದುಕನ ಮದ್ದೇ ಇಲ್ಲದ ರೋಗಕ್ಕೆ ಈ ರೂಢಿಯಿಂದಲೇ ಮದ್ದು ಅರೆದವಳು ಮಗಳು. ನಾನು ಅವಳನ್ನು ತಂಗಿ ಎನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣಾರ ಎನ್ನುತ್ತಿದ್ದಳು. ಇಂಥ ಗರತಿ ಇಂಥ ಮನೆಯಲ್ಲಿ ಭಜಿ ಕರಿಯುವುದೇನು ಎಂದು ಒಂದು ದಿನ ಸಿಟ್ಟಿನಿಂದ ಕೇಳಿಯೇಬಿಟ್ಟೆ.

“ಅಪ್ಪ ಆಡೋದು ಬಿಡಂಗಿಲ್ರಿ ಅಣ್ಣಾರ,” ಎಂದಳು. “ಹೈದರಾಬಾದಿನಾಗ ಆಡಿ ಮಂದಿಗಿ ಕೊಡೂಕಿನ್ನ ಇಲ್ಲಿ ಆಡಿ ನನಗ ಕೊಡ್ಲಿ. ಅಪ್ಪ ಎಲಿ ಬಿಟ್ಟ ದಿನ ಈ ಬಾಗಲ ಹಾಕೋದು. ಹಂಗಂತ ಇವರ ಕಡಿಂದ ಮಾತು ತೊಗೊಂಡೀನಿ.”

ಎಂದರೆ ಆ ಗಾದಿ, ಆ ತಾಟು, ಆ ಬಿಲ್ಲೆ, ಆ ಮಾಲ್‌ಗಾಡಿ ಎಲ್ಲವೂ ಒಬ್ಬ ಮುದುಕನನ್ನು ಹೈದರಾಬಾದಿನ ಗಾಡಿ ಹತ್ತದಂತೆ ತಡೆಯಲು. ಉಳಿದ ಗಿರಾಕಿಗಳು ಮುದುಕನ ಜೊತೆಗೆಂದು ಕೂಡಿಸಿಟ್ಟವರು, ಒಬ್ಬನೇ ಕೂತು ಜೂಜಾಡಲು ಯಾರಿಗೂ ಬರುವುದಿಲ್ಲವಲ್ಲ. ಅವರ ಹೆಂಡಂದಿರು ಹಿತ್ತಿಲ ಬಾಗಿಲಿಗೆ ಬಂದರೆ ಅವಳು ಮೊರದ ತುಂಬ ಜೋಳ ಹಾಕಿ ಕಳಿಸುತ್ತಿದ್ದಳು. ಅದರಿಂದ ಅವಳಿಗೇನೂ ಸಮಾಧಾನವಾಗುತ್ತಿರಲಿಲ್ಲ.

ಮುದುಕ ಆಡುವುದನ್ನು ನೋಡಬೇಕಿತ್ತು. ಆಟ ಅಂದರ್ ಬಾಹರ್. ಇಟ್ಟ ಎಲೆಯ ಜೋಡಿ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಹೇಳಿ ಪಣ ಹಚ್ಚುವುದು, ಅಷ್ಟೇ. ಅದಕ್ಕೆ ಬುದ್ಧಿ ಬೇಕಿಲ್ಲ, ಬುದ್ಧಿ ಇದ್ದವರು ಆಡುವುದೂ ಇಲ್ಲ. ಮುದುಕ ಕಣ್ಣು ಮಿಟುಕಿಸದೆ ಮುಷ್ಟಿ ಮುಷ್ಟಿ ಹಚ್ಚುತ್ತಿದ್ದ. ಕಳೆದುಕೊಂಡರೆ ಅದು ಮಗಳ ಮನೆಗೆ. ಗೆದ್ದರೆ ಎದ್ದು ಅಡಿಗೆಮನೆಯ ಹೊಸ್ತಿಲಿಗೆ ಹೋಗಿ, “ಅವ್ವಾ, ಉಡಿ ಒಡ್ಡು” ಎನ್ನುತ್ತಿದ್ದ. ಮಗಳು ಕೈ ಒರೆಸಿಕೊಂಡು ಸೆರಗು ಒಡ್ಡುತ್ತಿದ್ದಳು. ಅಕ್ಕಿ ಕೊಬ್ಬರಿ ತುಂಬಬೇಕಾದ ಉಡಿಗೆ ಹಳದಿ ಕಲ್ಲು ಸುರಿದು, ಬರಿಗೈಯಲ್ಲಿ ರುಮಾಲು ಸರಿಮಾಡಿಕೊಳ್ಳುತ್ತ ಬಂದು ಕೂರುತ್ತಿದ್ದ. ಗೆದ್ದರೂ ಒಯ್ಯಲಾರದ ಜೂಜುಗಾರ! ಸಿಕಂದರಾಬಾದಿನ ಯಾವ ಸಾಹೇಬನ ಕ್ಲಬ್ಬಿಗೆ ಅಂಥ ಗಿರಾಕಿ ಸಿಕ್ಕಾನು?

ಚಹಾ ಮಾತ್ರ ಅವನನ್ನು ಕಾಡುತ್ತಿತ್ತು. ಎಲ್ಲರ ಕೈಯಲ್ಲೂ ಮಗಳು ಕಾಸಿದ ಚಹಾ ಹೊಗೆಯಾಡುವಾಗ ಅವನೊಬ್ಬನಿಗೆ ಎದುರಿನ ಹೋಟೆಲಿನಿಂದ ದುಡ್ಡು ಕೊಟ್ಟು ತರಿಸಿದ ಕಲಗಚ್ಚು. ಪ್ರತಿ ಗುಟುಕಿಗೂ ಮುಖ ಹಿಂಡುತ್ತಿದ್ದ. “ಬಾಬೂ, ಹೆಂಗದ ಚಾ?” ಎಂದು ನನ್ನನ್ನು ಕೇಳುತ್ತಿದ್ದ. ನಾನು ಚೆನ್ನಾಗಿಲ್ಲವೆಂದು ಸುಳ್ಳು ಹೇಳುತ್ತಿದ್ದೆ. “ಸುಳ್ಳ ಹೇಳಬ್ಯಾಡ, ವಾಸನಿ ಬರ್ಲಿಕತ್ತದ” ಎನ್ನುತ್ತಿದ್ದ.

ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಕ್ಕಳಿರಲಿಲ್ಲ. ಅವಳು ಹರಕೆ ಹೊರದ ಗುಡಿಯಿಲ್ಲ, ದರ್ಗಾ ಇಲ್ಲ. ಮುದುಕನೂ ಹೊತ್ತಿದ್ದ. ಮಗು ಬಂದರೆ ರೂಢಿಯ ಕಟ್ಟು ಬಿಚ್ಚುತ್ತದೆ, ಮುದುಕ ಗೆದ್ದದ್ದನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೋಗಬಹುದು, ಹೊಲಕ್ಕೆ ಅಲ್ಲಿಗೆ ಕುತ್ತು. ಇದು ಅಳಿಯನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಹರಕೆ ಹೊರುತ್ತಿದ್ದಳು.

ಕೊನೆಗೆ ದೇವರು ಕಣ್ಣು ಬಿಟ್ಟ. ದಿನ ತುಂಬುತ್ತ ಬಂದಾಗ ಮುದುಕ ಬಂಡಿ ಕಟ್ಟಿಸಿಕೊಂಡು ಬಂದು ಮಗಳನ್ನು ಚೊಚ್ಚಲ ಹೆರಿಗೆಗೆ ಊರಿಗೆ ಕರೆದೊಯ್ದ. ಅಡಿಗೆಮನೆಯ ಒಲೆ ಆರಿತು. ಚಹಾ ಕಾಸಲು ಅಳಿಯನೇ ನಿಂತ. ಪಡಸಾಲೆಯಲ್ಲಿ ಜನ ಕಡಿಮೆಯಾಗಬೇಕಿತ್ತು. ಆಗ ಸಾವ್ಕಾರರು ಬೇಸರಕ್ಕೆ, ಎರಡು ಬಿಲ್ಲೆ ಎಸೆದು, “ಗಂಡು” ಎಂದರು. ಫೈರ್‌ಮನ್ ಮೂರು ಎಸೆದು “ಹೆಣ್ಣು” ಎಂದ.

ಅಳಿಯನ ಮುಖ ಕಪ್ಪಿಟ್ಟದ್ದನ್ನು ನಾನು ಕಂಡೆ. “ಅದೆಲ್ಲಾ ಬ್ಯಾಡ್ರಿ” ಎಂದ. ಆದರೆ ದನಿಯಲ್ಲಿ ಬಲವಿರಲಿಲ್ಲ. ಮರುದಿನ ಹೊಸ ಮುಖಗಳು ಬಂದವು, ಶಹಾಬಾದಿನ ಗಣಿಯವರು, ಸೇಡಮಿನವರು. ಒಳಗೋ ಹೊರಗೋ ಎಂದು ಆಡಿ ಸಾಕಾದವರಿಗೆ ಗಂಡೋ ಹೆಣ್ಣೋ ಎಂಬುದು ಭಾರೀ ರುಚಿಸಿತು. ಚಾದರದ ಮೇಲೆ ಎರಡು ಹಳದಿ ಗುಡ್ಡೆ ಬೆಳೆದವು. ಅಳಿಯ ನೋಡಿದ, ನೋಡಿದ, ಕೊನೆಗೆ ತಡೆಯಲಾರದೆ ನೇಮ ಹಾಕಲು ನಿಂತ. ಗೊತ್ತಿದ್ದವನು ಹೇಳಬಾರದು. ಅಡ್ಡಾದ ಮಾಲಕನಿಗಂತೂ ಗೊತ್ತೇ ಇರಬಾರದು, ಗೊತ್ತಿದ್ದರೆ ಪಣಕ್ಕೆ ಮೋಸ. “ಇದು ಇಮಾನಿನ ಮನಿ ಅದ” ಎಂದು ಎದೆ ಮುಟ್ಟಿಕೊಂಡ.

ಹೆರಿಗೆಯಾದ ಮರುದಿನ ಮುದುಕ ಬಂದ. ರುಮಾಲು ಓರೆಯಾಗಿತ್ತು, ಕಣ್ಣು ಒದ್ದೆ, ಬಾಗಿಲಲ್ಲಿಯೇ “ಅಳ್ಯಾರ!” ಎಂದು ಗರ್ಜಿಸಿದ. ಪಡಸಾಲೆ ಪೂರ್ತಿ ಎದ್ದು ನಿಂತಿತು. ಮುದುಕ ಇನ್ನೇನು ಬಾಯಿ ತೆರೆಯಬೇಕು, ಸಪ್ಪಳವಿಲ್ಲದೆ ನಡೆಯುವ ನಮ್ಮ ಅಳಿಯ ಹಾರಿ ಬಂದು ಹೆಣ್ಣು ಕೊಟ್ಟ ಮಾವನ ಬಾಯಿಗೆ ಅಂಗೈ ಅಡ್ಡ ಇಟ್ಟ.

“ಮಾವಾರ, ಹೇಳಬ್ಯಾಡ್ರಿ! ಪಣ ಇನ್ನ ಮುಗದಿಲ್ಲ!”

ಮುದುಕನ ಕಣ್ಣು ಅಂಗೈಯ ಮೇಲಿನಿಂದ ಗಿರಗಿರ ತಿರುಗಿದವು. ಮಾವನ ಮುಖ ಮುಟ್ಟಿದ ಅಳಿಯನನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. “ತಾಯಿ ಮಗು ಅರಾಮ ಅವ ಏನ್ರಿ? ಅಷ್ಟೇ ಹೇಳ್ರಿ, ತಲಿ ಅಲ್ಲಾಡಸ್ರಿ,” ಎಂದ ಅಳಿಯ. ಮುದುಕ ತಲೆ ಅಲ್ಲಾಡಿಸಿದ. ಕೈ ತೆಗೆದಾಗ ಅವನ ಮೀಸೆ ಹಳದಿಯಾಗಿತ್ತು.

ಮುದುಕ ಆ ಅವಮಾನವನ್ನೂ ಮೊದಲು ನುಂಗಿಕೊಂಡ, ಏಕೆಂದರೆ ಮಗು ಹುಟ್ಟಿದ್ದರಿಂದ ಇಂದು ಅವನಿಗೆ ಆ ಮನೆಯ ಚಹಾ ಸಿಗಬೇಕಿತ್ತು. ಗಾದಿಯ ಮೇಲೆ ಕೂತು ಕೈ ಚಾಚಿದ. ಅಳಿಯ ಕಪ್ಪು ತಂದುಕೊಟ್ಟ. ನಾವೆಲ್ಲ ಉಸಿರು ಹಿಡಿದು ನೋಡಿದೆವು. ಮುದುಕ ಒಂದು ಗುಟುಕು ಕುಡಿದ, ಇನ್ನೊಂದು ಕುಡಿದ.

“ಇಷ್ಟೇ ಏನು?” ಎಂದ.

ಅಂದಿನ ಚಹಾ ಅಳಿಯ ಕಾಸಿದ್ದು, ಮಗಳು ಕಾಸಿದ್ದಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ಎಲೆ ಹಾಕಿದರು. ಮುದುಕ ಬಿಲ್ಲೆ ಕೈಗೆ ತೆಗೆದುಕೊಂಡು ಹಚ್ಚಲು ಹೋಗಿ ನಿಲ್ಲಿಸಿದ. ಮತ್ತೆ ಎತ್ತಿದ, ಮತ್ತೆ ನಿಲ್ಲಿಸಿದ. ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. ಒಂದೇ ಒಂದು ಬಿಲ್ಲೆ ಹಚ್ಚಿದ, ಗೆದ್ದ. ತಾಟು ಬಡಿಯಲು ಅಳಿಯ ಕೈ ಎತ್ತಿದ್ದ. ಮುದುಕ ಎರಡು ಬಿಲ್ಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಅಡಿಗೆಮನೆಯತ್ತ ನೋಡಿದ. ಅಲ್ಲಿ ಉಡಿ ಒಡ್ಡುವವಳು ಇರಲಿಲ್ಲ, ಒಡ್ಡಬೇಕಾದ ರೂಢಿಯೂ ಇರಲಿಲ್ಲ.

“ಅಳ್ಯಾರ,” ಎಂದ, ಕಳ್ಳನನ್ನು ಕಂಡವನಂತೆ. “ಇದು ಜೂಜು ಆತಲ್ರಿ!”

“ಮತ್ತ ಇಷ್ಟು ದಿನ ಏನಾಗಿತ್ರಿ ಗೌಡ್ರ?” ಎಂದರು ಸಾವ್ಕಾರರು.

“ಇಷ್ಟು ದಿನ ನಾ ಮಗಳ ಉಡಿ ತುಂಬ್ಲಿಕತ್ತಿದ್ದೆ. ಈಗ ಗೆದ್ರ ನನ್ನ ಕಿಸೇಕ್ಕ ಹಾಕೊಬೇಕು. ಹಾಕೊಂಡ್ರ ನಾಳಿಗಿ ಮತ್ತ ಬರಬೇಕು. ಶಿವಾ ಶಿವಾ, ಇದು ಖರೇನೇ ಜೂಜು!” ಎಂದು ಬಿಲ್ಲೆಗಳನ್ನು ಕೆಂಡ ಬಿಟ್ಟಂತೆ ಬಿಟ್ಟು ಎದ್ದ. ಬಾಗಿಲಲ್ಲಿ ನಿಂತು, “ತೊಟ್ಟಲಕ್ಕ ಬರ್ರಿ. ಆಕಿ ದಾರಿ ನೋಡ್ಲಿಕತ್ತಾಳ” ಎಂದು ಹೇಳಿ ಹೋದವನು ಮತ್ತೆ ಆಡಲು ಬರಲಿಲ್ಲ. ಹೈದರಾಬಾದಿಗೂ ಹೋಗಲಿಲ್ಲ, ಎಲ್ಲಿಯೂ ಎಲೆ ಹಿಡಿಯಲಿಲ್ಲ.

ಹೊಲ ಉಳಿಯಿತು. ನಾನು ಸಂತೋಷದಿಂದ ಅಳಿಯನ ಬೆನ್ನು ತಟ್ಟಿ, “ಇನ್ನ ಬಾಗಲ ಹಾಕ್ರಿ” ಎಂದೆ.

“ಹಾಕ್ತೀನ್ರಿ ಬಾಬೂಸಾಬ್, ಹಾಕಲಾರದ ಏನು? ಈ ಪಣ ಒಂದು ಮುಗೀಲಿ. ಮಂದಿ ಇಟ್ಟದ್ದು ಚಾದರದ ಮ್ಯಾಲ ಅದ, ಹೆಂಗ ಎದ್ದು ಹೋಗ್ಲಿ?”

ಪಣ ಮುಗಿಯಬೇಕಾದರೆ ಗಂಡೋ ಹೆಣ್ಣೋ ತಿಳಿಯಬೇಕು. ತಿಳಿದರೆ ಬಿಲ್ಲೆ ಬರುವುದು ನಿಲ್ಲುತ್ತದೆ. ಅದಕ್ಕೆ ಅವನು ತಿಳಿಯಗೊಡಲಿಲ್ಲ. ಮಳಖೇಡದ ಕಡೆಯಿಂದ ಬಂದವರನ್ನು ಬಾಗಿಲಲ್ಲೇ ತಡೆದು ಬಾಯಿ ಮುಚ್ಚಿಸುತ್ತಿದ್ದ. ನಾಳೆ, ನಾಡಿದ್ದು, ಬರುವ ಸೋಮವಾರ. ಎಷ್ಟೋ ವರ್ಷ ಎಲೆ ಮುಟ್ಟದ ಆ ಮನುಷ್ಯನ ಕಣ್ಣಲ್ಲಿ ನಾನು ಆಗ ಕಂಡದ್ದು ಸಾವ್ಕಾರರ ಕಣ್ಣಲ್ಲಿ ದಿನವೂ ಕಾಣುತ್ತಿದ್ದದ್ದೇ. ಏಳಲಾಗುತ್ತಿರಲಿಲ್ಲ ಅವನಿಗೆ.

ತೊಟ್ಟಿಲ ದಿನ ಬಂತು. ಅಳಿಯ ಬೆಳಗ್ಗೆಯೇ ನನ್ನ ಕೋಣೆಗೆ ಬಂದ. ಕೈಯಲ್ಲಿ ಕೂಸಿಗೆ ಹೊದಿಸುವ ಕುಂಚಿಗೆ, ಬೆಳ್ಳಿಯ ಉಡಿದಾರ, ಫೇಡೆ.

“ನೀವು ಹೋಗಿ ಬರ್ರಿ ಬಾಬೂಸಾಬ್. ನಾ ಹೋದ್ರ ಕೂಸಿನ ನೋಡಬೇಕಾಗ್ತದ. ನೋಡಿದ್ರ ತಿಳೀತದ. ತಿಳಿದ್ರ ಇಮಾನ್ ಹೋಗ್ತದ. ನೀವೂ ಯಾರಿಗೂ ಹೇಳಬ್ಯಾಡ್ರಿ, ನನಗಂತೂ ಹೇಳ್ಲೇಬ್ಯಾಡ್ರಿ.”

ಬೈಯಲು ಮಾತೇ ಸಿಗಲಿಲ್ಲ ನನಗೆ. ನನ್ನ ಆಯುಷ್ಯದಲ್ಲಿ ಹಾಗಾದದ್ದು ಅದೊಂದೇ ಸಲ. ಆಣೆ ಮಾಡಿಸಿಕೊಂಡೇ ಬಿಟ್ಟ. ಆಣೆ ಆಣೆಯೇ, ಆದ್ದರಿಂದ ನಿಮಗೂ ಸದ್ಯಕ್ಕೆ ಹೇಳುವುದಿಲ್ಲ.

ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇಳಿದು ಊರು ಮುಟ್ಟುವಾಗ ಅಂಗಳದಲ್ಲಿ ಹೆಂಗಸರು ತುಂಬಿದ್ದರು. ತೊಟ್ಟಿಲಿಗೆ ಹೂ ಸುತ್ತಿ, ಮಗುವನ್ನು ಮಲಗಿಸಿ, ಹೆಸರಿಡಲು ತಂದೆಗಾಗಿ ಕಾದಿದ್ದರು. ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ನನ್ನ ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು ದಾರಿ ನೋಡಿದಳು. ಯಾರೂ ಬರಲಿಲ್ಲ.

“ಅವರು ಯಾಕ ಬರಲಿಲ್ರಿ ಅಣ್ಣಾರ?”

ನಾನು ಹೇಳಿದೆ. ಪಣದ ಮಾತು, ಇಮಾನಿನ ಮಾತು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಅವಳು ತೊಟ್ಟಿಲಿಗೆ ಕೈ ಹಾಕಿ ಮಗುವನ್ನು ಎತ್ತಿಕೊಂಡು ನಾನು ತಂದ ಕುಂಚಿಗೆಯಲ್ಲೇ ಸುತ್ತಿ, “ಅಪ್ಪಾ, ಬಂಡಿ ಹೂಡು” ಎಂದಳು. ಹಸಿ ಬಾಣಂತಿ ಹೊಸ್ತಿಲು ದಾಟಬಾರದು ಎಂದು ಮುದುಕಿಯರು ಬಾಯಿ ಬಾಯಿ ಬಡಿದುಕೊಂಡರು. ಮುದುಕ ಎತ್ತು ಬಿಚ್ಚಿಕೊಂಡು ಬಂದ.

ಬಂಡಿ ಸ್ಟೇಷನ್ನಿಗೆ ಮುಟ್ಟಿಸಿತು, ಸಿಕ್ಕ ಗಾಡಿ ಹತ್ತಿದೆವು. ವಾಡಿಯಲ್ಲಿ ಇಳಿದು ಅಳಿಯನ ಮನೆ ಮುಟ್ಟಿದಾಗ ಮುದುಕ ಜಗಲಿಯ ಕೆಳಗೆ ನಿಂತುಬಿಟ್ಟ. “ನಾ ಒಳಗ ಬರಂಗಿಲ್ಲ. ನೀ ಹೋಗವ್ವಾ,” ಎಂದ. ಚಪ್ಪಲಿಗಳ ರಾಶಿ ನೋಡಿದರೆ ಒಳಗೆ ಮೂರು ಊರಿನ ಜನ ಇರಬೇಕು. ಅವುಗಳ ನಡುವೆ ಹೆಜ್ಜೆ ಇಡುತ್ತ ಅವಳು ಒಳಗೆ ಹೋದಳು, ಹಿಂದೆ ನಾನು.

ಅವಳು ಅಡಿಗೆಮನೆಯಿಂದ ಆಚೆ, ಆ ಪಡಸಾಲೆಗೆ ಗಿರಾಕಿಗಳ ಎದುರು ಎಂದೂ ಬಂದವಳಲ್ಲ. ಬಿಲ್ಲೆಗಳ ಸದ್ದು ನಿಂತಿತು. ಒಬ್ಬೊಬ್ಬರಾಗಿ ಎದ್ದು ನಿಂತರು. ಅವಳು ನೇರ ಬಂದು ಬಿಳಿ ಚಾದರದ ನಡುವೆ, ಎರಡು ಹಳದಿ ಗುಡ್ಡೆಗಳ ಮಧ್ಯೆ, ಸುತ್ತಿದ ಮಗುವನ್ನು ಮಲಗಿಸಿದಳು.

“ಬಿಚ್ಚಿ ನೋಡ್ರಿ,” ಎಂದಳು. “ಯಾರು ಗೆದ್ರಿ, ಒಯ್ರಿ. ಸಾಲದಿದ್ರ ಇದನ್ನೂ ಪಣಕ್ಕ ಹಚ್ರಿ. ಹೆಂಗೂ ಅರ್ಧ ಹಚ್ಚೇ ಇಟ್ಟಾರ ಇದರ ತಂದಿ.”

ಇಷ್ಟು ದಿನ ಆ ಒಂದು ಮಾತಿಗಾಗಿ ನಿದ್ದೆಗೆಟ್ಟ ಗಂಡಸರು ಮಗುವಿನ ಕಡೆ ನೋಡಲಾರದೆ ಹೋದರು. ಸಾವ್ಕಾರರು ಎಲ್ಲಿ ಕಂಡುಬಿಡುತ್ತದೋ ಎಂದು ಕಣ್ಣು ಮುಚ್ಚಿಕೊಂಡು ಗೋಡೆ ಹಿಡಿದು ಹಿಡಿದು ಬಾಗಿಲು ಹುಡುಕಿದರು. ಫೈರ್‌ಮನ್ ಎರಡೂ ಕಿವಿಗಳಲ್ಲಿ ಹಳದಿ ಬೆರಳು ತುರುಕಿಕೊಂಡು ಓಡಿದ. ಉಳಿದವರು ತಮ್ಮ ಚಪ್ಪಲಿಯೋ ಮಂದಿಯ ಚಪ್ಪಲಿಯೋ ನೋಡದೆ ಮೆಟ್ಟಿಕೊಂಡು ನಡೆದರು. ಇಟ್ಟ ಬಿಲ್ಲೆಯನ್ನು ಒಬ್ಬನೂ ಕೇಳಲಿಲ್ಲ.

ಪಡಸಾಲೆ ಖಾಲಿಯಾಯಿತು. ಅಳಿಯ ಗೋಡೆಗೆ ಅಂಟಿ ನಿಂತಿದ್ದ. ಮಗು ಕುಂಚಿಗೆಯೊಳಗಿಂದ ಒಂದು ಕೈ ಹೊರಗೆ ತೆಗೆದು ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡಿತು. ಅಳಿಯ ನಿಧಾನಕ್ಕೆ ಬಂದ. ಚಾದರದ ಅಂಚಿನಲ್ಲಿ ಒಂದು ಕ್ಷಣ ತಡೆದ. ಆಮೇಲೆ ಅದರ ಮೇಲೆ ಮೊಣಕಾಲೂರಿ ಕೂತು, ಕೈಯನ್ನು ಟವೆಲ್ಲಿಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ. ಮಗುವನ್ನು ಎತ್ತಿಕೊಂಡಾಗ ಅದನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಬಗ್ಗಿ ಕುತ್ತಿಗೆಯ ಕೆಳಗೆ ಅವನ ಅಂಗೈ ಸರಿಸಿ ಇಟ್ಟಳು.

“ಒಂದು ಮಾತು ಕೇಳ್ಲೇನು?” ಎಂದ.

“ಕೇಳ್ರಿ. ಅದಕ್ಕೇ ಬಂದೀನಿ.”

“ಗಂಡೇನು, ಹೆಣ್ಣೇನು?”

ಅವಳು ಅವನ ಮುಖವನ್ನೇ ನೋಡಿದಳು. “ಪಣಕ್ಕ ಕೇಳ್ಲಿಕತ್ತೀರೋ, ತಂದಿ ಆಗಿ ಕೇಳ್ಲಿಕತ್ತೀರೋ?”

ಅವನು ಮಗುವಿನ ಹೊಟ್ಟೆಯ ಮೇಲೆ ಮುಖ ಇಟ್ಟು ಗಳಗಳ ಅತ್ತುಬಿಟ್ಟ. ಅವಳು ಸೆರಗಿನಿಂದ ಅವನ ಕಣ್ಣು ಒರೆಸಿದಳು.

“ಮಗಳು,” ಎಂದಳು.